ನೋಟ್‌ಬುಕ್ಕಿನ ಸಮಚಿಹ್ನೆ: ಸಮಾನಾರ್ಥಕ ಪದಗಳಲ್ಲಿ ಸಿಕ್ಕಿಕೊಂಡ ಇಂಗ್ಲಿಷಿನ ಒಂದು ಪ್ರಕರಣ

"ಐ ಡಿಮ್ಯಾಂಡೆಡ್ ದ ಡೀಟೇಲ್ಸ್ ಥ್ರೀ ಟೈಮ್ಸ್."

ಈ ಪ್ರಕರಣ ಶುರುವಾಗಿದ್ದು ಈ ಒಂದು ವಾಕ್ಯದಿಂದ. ಬರೆದವರು ಹೇಳಹೊರಟಿದ್ದು "ವಿವರ ಕೊಡಿ ಅಂತ ಮೂರು ಸಲ ಕೇಳಿದ್ದೆ" ಎಂದಷ್ಟೇ. ಓದಿದವರಿಗೆ ಅದು "ಕೊಡ್ತೀರೋ ಇಲ್ಲವೋ" ಎಂದು ಮೇಜು ಗುದ್ದಿದ ಹಾಗೆ ಕೇಳಿಸಿತ್ತು. ಮೇಲಧಿಕಾರಿ ಕರೆದು, "ಇತ್ತೀಚೆಗೆ ನಿಮ್ಮ ಮೇಲ್‌ಗಳೆಲ್ಲ ಯಾಕಿಷ್ಟು ಸಿಟ್ಟಿನಲ್ಲಿರುತ್ತವೆ?" ಎಂದು ವಿಚಾರಿಸಿದರಂತೆ. ಅವರಿಗೆ ಸಿಟ್ಟು ಇರಲೇ ಇಲ್ಲ. ಇದ್ದದ್ದು ಒಂದು ನೋಟ್‌ಬುಕ್ಕು. ಅದರಲ್ಲಿ 'ಆಸ್ಕ್ = ರಿಕ್ವೆಸ್ಟ್ = ಡಿಮ್ಯಾಂಡ್ = ಇಂಟರಾಗೇಟ್' ಎಂದು ನೀಟಾಗಿ ಬರೆದುಕೊಂಡ ಒಂದು ಸಾಲು.

ಆ ನೋಟ್‌ಬುಕ್ಕನ್ನು ಹಿಡಿದೇ ಅವರು ನನ್ನ ಬಳಿ ಬಂದರು. ಸುಮಾರು ಆರು ತಿಂಗಳು, ವಾರಕ್ಕೊಂದು ಸಲ ಕೂತೆವು. ಅಲ್ಲಿ ನಡೆದದ್ದನ್ನು, ನನ್ನ ಎಡವಟ್ಟನ್ನೂ ಸೇರಿಸಿ, ಇಲ್ಲಿ ಬರೆದಿಡುತ್ತಿದ್ದೇನೆ. ಹೆಸರು ಬೇಡ ಎಂದಿದ್ದಾರೆ; ವಾಕ್ಯಗಳನ್ನು ಬಳಸಿಕೊಳ್ಳಲು ಒಪ್ಪಿದ್ದಾರೆ.

ಬಂದಾಗಿನ ಸ್ಥಿತಿ

ವಯಸ್ಸು ಮೂವತ್ತು ದಾಟಿದೆ, ಮನೆಮಾತು ಕನ್ನಡ, ದಿನವೂ ಇಂಗ್ಲಿಷಿನಲ್ಲಿ ವರದಿ ಮತ್ತು ಮೇಲ್ ಬರೆಯುವ ಕೆಲಸ. ವ್ಯಾಕರಣದಲ್ಲಿ ಹೇಳಿಕೊಳ್ಳುವಂಥ ದೋಷವಿರಲಿಲ್ಲ. ಅವರ ಕೊರಗೇ ಬೇರೆ. "ನನ್ನ ಇಂಗ್ಲಿಷು ಶಾಲೆ ಹುಡುಗರ ಇಂಗ್ಲಿಷಿನ ಹಾಗಿದೆ ಸರ್. ಗುಡ್, ಬ್ಯಾಡ್, ಬಿಗ್, ವೆರಿ, ಇಷ್ಟರಲ್ಲೇ ಗಿರಕಿ ಹೊಡೀತಾ ಇರ್ತೀನಿ." ಮುಂದುವರಿದ ಮಟ್ಟದ ಒಂದು ಇಂಗ್ಲಿಷ್ ಪರೀಕ್ಷೆ ಬರೆಯುವುದೂ ಇತ್ತು. ಹಾಗಾಗಿ ಒಂದು ವರ್ಷದಿಂದ ಇಂಟರ್ನೆಟ್ಟಿನಲ್ಲಿ ಸಿಕ್ಕ ಪಟ್ಟಿಗಳನ್ನೆಲ್ಲ ಒಟ್ಟುಹಾಕಿ, ದಿನವೂ ಒಂದಷ್ಟು ಪದ ಉರು ಹೊಡೆದಿದ್ದರು. ವರ್ಷ ಮುಗಿಯುವುದರೊಳಗೆ ಇಪ್ಪತ್ತು ಸಾವಿರ ಪದ ಮುಟ್ಟಬೇಕೆಂಬ ಗುರಿಯಂತೆ.

ಆ ಸಂಖ್ಯೆಯನ್ನು ಮೊದಲ ದಿನವೇ ಕೆಳಗಿಳಿಸಬೇಕಾಯಿತು. ಶಬ್ದಸಂಪತ್ತಿನ ಸಂಶೋಧಕ ಪಾಲ್ ನೇಷನ್ 2006ರಲ್ಲಿ ಹಾಕಿದ ಲೆಕ್ಕದ ಪ್ರಕಾರ, ಕಾದಂಬರಿ, ಪತ್ರಿಕೆಗಳಂಥ ಬರಹದಲ್ಲಿ ಬರುವ ನೂರು ಪದಗಳಲ್ಲಿ ತೊಂಬತ್ತೆಂಟು ಗೊತ್ತಿರಬೇಕಾದರೆ 8,000ದಿಂದ 9,000 ಪದಕುಟುಂಬಗಳು ಬೇಕು. ಮಾತಿಗೆ 6,000ದಿಂದ 7,000 ಸಾಕು. ಗಮನಿಸಬೇಕಾದ್ದು 'ಕುಟುಂಬ' ಎಂಬ ಮಾತು. ಡಿಸೈಡ್, ಡಿಸಿಷನ್, ಡಿಸೈಸಿವ್, ಡಿಸೈಸಿವ್ಲಿ, ಇನ್‌ಡಿಸಿಷನ್ ಎಲ್ಲ ಸೇರಿ ಒಂದೇ ಕುಟುಂಬ. ಅವರ ನೋಟ್‌ಬುಕ್ಕಿನಲ್ಲಿ ಒಂದೂವರೆ ಸಾವಿರದಷ್ಟು ಪದಗಳಿದ್ದವು. ಕುಟುಂಬ ಒಂದೂ ಇರಲಿಲ್ಲ. ಎಲ್ಲ ಒಂಟಿ ಪದಗಳು, ಪಕ್ಕದಲ್ಲಿ ಸಮಚಿಹ್ನೆ, ಅದರ ಪಕ್ಕದಲ್ಲಿ ಇನ್ನೊಂದು ಒಂಟಿ ಪದ.

ಕಳೆದ ಮೂರು ತಿಂಗಳ ಬರಹಗಳಲ್ಲಿ ಕೆಲವನ್ನು ತರಿಸಿಕೊಂಡು ಓದಿದೆ. ಮೂರು ವಾಕ್ಯಗಳು ಸಾಕು. ಸಹೋದ್ಯೋಗಿಯೊಬ್ಬರನ್ನು ಹೊಗಳುತ್ತಾ "ಹೀ ಈಸ್ ನೊಟೋರಿಯಸ್ ಫಾರ್ ಹಿಸ್ ಪಂಕ್ಚುವಾಲಿಟಿ" ಎಂದಿದ್ದರು. ಪಟ್ಟಿಯಲ್ಲಿ ಫೇಮಸ್ ಮತ್ತು ನೊಟೋರಿಯಸ್ ಸಮ. ಅಂದರೆ ಆ ಮನುಷ್ಯ ಸಮಯಪಾಲನೆಗೆ 'ಕುಖ್ಯಾತ'! ಇನ್ನೊಂದು ವರದಿಯಲ್ಲಿ "ದ ನ್ಯೂ ಪ್ರೊಸೆಸ್ ಕಾಸ್ಡ್ ಅನ್ ಇಂಪ್ರೂವ್‌ಮೆಂಟ್". ಮತ್ತೊಂದರಲ್ಲಿ, ಖರ್ಚು ಉಳಿಸುವ ಯಂತ್ರಕ್ಕೆ "ಎಕನಾಮಿಕ್ ಮಷೀನ್".

ಮೂರೂ ಬೇರೆ ಬೇರೆ ಜಾತಿಯ ತಪ್ಪುಗಳು. ಮೊದಲನೆಯದು ಪದದ ಬಣ್ಣ ತಿಳಿಯದೆ ಆದದ್ದು. ಎರಡನೆಯದರಲ್ಲಿ ಪದದ ಸಹವಾಸ ತಿಳಿದಿಲ್ಲ. ಇಂಗ್ಲಿಷಿನಲ್ಲಿ 'ಕಾಸ್' ಎಂಬ ಕ್ರಿಯಾಪದ ಹೆಚ್ಚಾಗಿ ತೊಂದರೆ, ಹಾನಿ, ವಿಳಂಬ, ನೋವುಗಳ ಜೊತೆಗೇ ಓಡಾಡುತ್ತದೆ. ಒಳ್ಳೆಯದನ್ನು ಅದರ ಪಕ್ಕ ಕೂರಿಸಿದರೆ ಓದುಗನಿಗೆ ಏನೋ ಕಸಿವಿಸಿ. ಮೂರನೆಯದು ಒಂದೇ ಮನೆಯ ಇಬ್ಬರನ್ನು ಅದಲುಬದಲು ಮಾಡಿದ್ದು. 'ಎಕನಾಮಿಕ್' ಎಂದರೆ ಅರ್ಥವ್ಯವಸ್ಥೆಗೆ ಸಂಬಂಧಿಸಿದ್ದು, 'ಎಕನಾಮಿಕಲ್' ಎಂದರೆ ಮಿತವ್ಯಯದ್ದು. ನೋಟ್‌ಬುಕ್ಕಿನ ಸಮಚಿಹ್ನೆ ಈ ಮೂರನ್ನೂ ಒಂದೇ ಏಟಿಗೆ ಅಳಿಸಿಹಾಕಿತ್ತು.

ಪಟ್ಟಿ ಯಾರಿಗಾಗಿ

ಇಲ್ಲೊಂದು ಅಡ್ಡಮಾತು. ಸಮಾನಾರ್ಥಕಗಳ ಪಟ್ಟಿ ಕೆಟ್ಟದ್ದೇನಲ್ಲ, ಅದು ಯಾರಿಗೆ ಎಂಬುದು ಮುಖ್ಯ. ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯರು 1805ರಲ್ಲಿ ತಮ್ಮ ಸ್ವಂತ ಬಳಕೆಗೆಂದು ಪದಗಳನ್ನು ಅರ್ಥದ ಪ್ರಕಾರ ಗುಂಪುಗೂಡಿಸಿ ಇಟ್ಟುಕೊಂಡಿದ್ದರು. ಅದು ಬೆಳೆದು ಥೆಸಾರಸ್ ಆಗಿ ಅಚ್ಚಾದದ್ದು 1852ರಲ್ಲಿ. ಇಂಗ್ಲಿಷ್ ಚೆನ್ನಾಗಿ ಬಲ್ಲವನಿಗೆ ಬರೆಯುವಾಗ ನಾಲಿಗೆಯ ತುದಿಗೆ ಬಂದು ನಿಂತ ಪದವನ್ನು ನೆನಪಿಸಿಕೊಡುವುದು ಅದರ ಕೆಲಸ. ನಮ್ಮಲ್ಲಿ ತಲೆತಲಾಂತರದಿಂದ ಬಾಯಿಪಾಠ ಮಾಡಿಸಿಕೊಂಡು ಬಂದ ಅಮರಕೋಶವೂ ಸ್ವರ್ಗಕ್ಕೆ ಇಷ್ಟು ಹೆಸರು, ಅಗ್ನಿಗೆ ಇಷ್ಟು ಹೆಸರು ಎಂದು ಸಾಲಾಗಿ ಕೊಡುತ್ತದೆ. ಛಂದಸ್ಸಿಗೆ ಹೊಂದುವ ಪದ ಹುಡುಕುವ ಕವಿಗೆ ಅದು ನಿಧಿ. ಎರಡೂ ಕಡೆ ಪದಗಳ ನಡುವಿನ ಭೇದ ಓದುವವನಿಗೆ ಮೊದಲೇ ಗೊತ್ತಿದೆ ಎಂಬ ನಂಬಿಕೆ ಕೆಲಸ ಮಾಡುತ್ತದೆ. ಭೇದ ಗೊತ್ತಿಲ್ಲದವರ ಕೈಗೆ ಅದೇ ಪಟ್ಟಿ ಬಂದರೆ ಪುಸ್ತಕದ ಬದನೆಕಾಯಿ.

ಇಲಿ ನಿಧನವಾಯಿತೇ?

ಎರಡನೆಯ ವಾರ ನಾನು ಇಂಗ್ಲಿಷನ್ನು ಪಕ್ಕಕ್ಕಿಟ್ಟೆ. ಕಾಗದದ ಮೇಲೆ ಕನ್ನಡದಲ್ಲಿ ಬರೆದೆ: ಸತ್ತ, ತೀರಿಕೊಂಡರು, ನಿಧನರಾದರು, ಅಸುನೀಗಿದರು, ಗೊಟಕ್ ಅಂದ. "ಇವು ಐದೂ ಸಮ ತಾನೆ?" ಎಂದೆ.

ಅವರು ನಕ್ಕರು. "ಸಮ ಹೇಗಾಗುತ್ತೆ ಸರ್?"

"ಹಾಗಾದರೆ ಇಲಿ ನಿಧನವಾಯಿತು ಅನ್ನಬಹುದಲ್ಲ?"

ಒಂದೇ ನಿಮಿಷದಲ್ಲಿ ಅವರು ಐದಕ್ಕೂ ಜಾಗ ಗೊತ್ತುಮಾಡಿದರು. ಯಾವುದನ್ನು ಸತ್ತವರ ಮನೆಯವರೆದುರು ಆಡಬಹುದು, ಯಾವುದು ಪತ್ರಿಕೆಯ ಅಪಘಾತದ ಸುದ್ದಿಯಲ್ಲಿ ಬರುತ್ತದೆ, ಯಾವುದನ್ನು ಗೆಳೆಯರ ನಡುವೆ, ಅದೂ ಸತ್ತವನ ಬಗ್ಗೆ ಮರುಕವಿಲ್ಲದಾಗ ಮಾತ್ರ ಅನ್ನಬಹುದು. ಯಾರೂ ಕಲಿಸಿದ್ದಲ್ಲ, ಕೇಳಿ ಕೇಳಿ ಬಂದದ್ದು. ಇಂಗ್ಲಿಷಿನಲ್ಲಿ ಡೈ, ಪಾಸ್ ಅವೇ, ಪೆರಿಶ್, ಕಿಕ್ ದ ಬಕೆಟ್ ಇವುಗಳ ನಡುವೆ ಇರುವುದೂ ಇಂಥದೇ ಅಂತರ. ಅಷ್ಟು ಕೇಳಿಸಿಕೊಳ್ಳುವ ಅವಕಾಶ ಅವರಿಗೆ ಸಿಕ್ಕಿಲ್ಲ. ಆದ್ದರಿಂದ ಆ ಅಂತರವನ್ನು ಬರೆದಿಟ್ಟುಕೊಳ್ಳಬೇಕು.

ಇದೇ ಎಳೆಯನ್ನು ಸ್ವಲ್ಪ ಮುಂದಕ್ಕೆ ಎಳೆದೆ, ಏಕೆಂದರೆ ಕನ್ನಡ ಬಲ್ಲವರಿಗೆ ಇಲ್ಲೊಂದು ಅನುಕೂಲವಿದೆ. ಕನ್ನಡದಲ್ಲಿ 'ನೀರು' ಇದೆ, 'ಜಲ' ಇದೆ. ಬಾಯಾರಿ ಬಂದವರು 'ಸ್ವಲ್ಪ ಜಲ ಕೊಡಿ' ಎಂದರೆ ನಾಟಕದ ಕಂಪನಿಯಿಂದ ತಪ್ಪಿಸಿಕೊಂಡು ಬಂದವರಂತೆ ಕಾಣುತ್ತಾರೆ. ಆದರೆ 'ಜಲಾಶಯ', 'ಅಂತರ್ಜಲ', 'ಜಲಸಂಪನ್ಮೂಲ' ಎಂಬಲ್ಲಿ 'ಜಲ'ವೇ ಸರಿ. ಇಂಗ್ಲಿಷಿನಲ್ಲೂ ಇಂಥ ಪದರಗಳಿವೆ, ಎರಡಲ್ಲ, ಮೂರು. ತಳದಲ್ಲಿ ಹಳೆಯ ಇಂಗ್ಲಿಷಿನ ಪದಗಳು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆ, ನ್ಯಾಯಾಲಯಗಳ ಮೂಲಕ ಬಂದ ಫ್ರೆಂಚ್ ಪದಗಳು ಅದರ ಮೇಲೆ. ಚರ್ಚು ಮತ್ತು ವಿದ್ವಾಂಸರಿಂದ ಬಂದ ಲ್ಯಾಟಿನ್ ಎಲ್ಲಕ್ಕಿಂತ ಮೇಲೆ. ಹಾಗಾಗಿ ಆಸ್ಕ್, ಕ್ವೆಶ್ಚನ್, ಇಂಟರಾಗೇಟ್. ರೈಸ್, ಮೌಂಟ್, ಅಸೆಂಡ್. ಕಿಂಗ್ಲಿ, ರಾಯಲ್, ರೀಗಲ್. ಸಾಮಾನ್ಯವಾಗಿ ಮೊದಲನೆಯದು ಮನೆಯ ಮಾತು, ಕೊನೆಯದು ಕಡತದ ಮಾತು. ಅಪವಾದಗಳು ಬೇಕಾದಷ್ಟಿವೆ, 'ರಾಯಲ್' ಇವತ್ತು 'ಕಿಂಗ್ಲಿ'ಗಿಂತ ಹೆಚ್ಚು ಬಳಕೆಯಲ್ಲಿದೆ; ಆದರೂ ಹೊಸ ಪದ ಎದುರಾದಾಗ 'ಇದು ನೀರೋ ಜಲವೋ' ಎಂದು ಕೇಳಿಕೊಳ್ಳುವ ಅಭ್ಯಾಸ ಅವರಿಗೆ ಬೇಗ ಹತ್ತಿತು.

'ಆಸ್ಕ್' ಸಾಲನ್ನು ಅಲ್ಲೇ ಬಿಡಿಸಿದೆವು. ಆಸ್ಕ್: ಕೇಳು, ಎಲ್ಲಿಗೂ ಸಲ್ಲುತ್ತದೆ. ರಿಕ್ವೆಸ್ಟ್: ವಿನಂತಿಸು, ತುಸು ದೂರ ನಿಂತ ಮರ್ಯಾದೆ. ಇನ್‌ಕ್ವೈರ್: ವಿಚಾರಿಸು, ಮಾಹಿತಿಗಾಗಿ. ಡಿಮ್ಯಾಂಡ್: ಇಲ್ಲ ಎನ್ನಲು ಅವಕಾಶ ಕೊಡದೆ ಕೇಳು. ಇಂಟರಾಗೇಟ್: ಪೊಲೀಸರ ವಿಚಾರಣೆ. ಕೊನೆಯದನ್ನು ಬರೆಯುತ್ತಿದ್ದಂತೆ ಅವರು ಪೆನ್ನು ಕೆಳಗಿಟ್ಟು, "ಅಯ್ಯೋ, ಹೋದ ತಿಂಗಳು ಒಬ್ಬ ಗ್ರಾಹಕರಿಗೆ 'ವಿ ವಿಲ್ ಇಂಟರಾಗೇಟ್ ಯುವರ್ ಟೀಮ್' ಅಂತ ಬರೆದುಬಿಟ್ಟಿದ್ದೀನಿ" ಎಂದರು.

ನನ್ನ ಎಡವಟ್ಟು

ಈ ಉತ್ಸಾಹದಲ್ಲಿ ನಾನೇ ತಪ್ಪು ಮಾಡಿದೆ. ಮುಂದಿನ ವಾರ 'ಥಿನ್' ಪದದ ಇಡೀ ಬಳಗವನ್ನು ಒಟ್ಟಿಗೆ ಹರಡಿದೆ. ಸ್ಲಿಮ್ ಮೆಚ್ಚುಗೆಯದು. ಸ್ಲೆಂಡರ್ ಮೆಚ್ಚುಗೆಯ ಜೊತೆ ನೀಳ ಚೆಲುವು. ಲೀನ್ ಎಂದರೆ ಬೊಜ್ಜಿಲ್ಲದೆ ಕಸುವಿರುವ ಮೈ. ಸ್ಕಿನ್ನಿ ಎಂದರೆ ಒಣಕಲು. ಸ್ಕ್ರಾನಿ ಎಂದರೆ ನರಪೇತಲ. ಗಾಂಟ್ ಎಂದರೆ ಕಾಯಿಲೆಯಿಂದಲೋ ಹಸಿವಿನಿಂದಲೋ ಕೆನ್ನೆ ಕುಳಿಬಿದ್ದ ಬಡಕಲು. ಇಮೇಸಿಯೇಟೆಡ್ ಎಂದರೆ ಎಲುಬಿನ ಹಂದರ. ಒಂದೊಂದಕ್ಕೂ ಕನ್ನಡದ ಜೋಡಿ ಸಿಕ್ಕಿತಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ.

ವಾರ ಬಿಟ್ಟು ಕೇಳಿದರೆ ಎಲ್ಲ ಕಲಸುಮೇಲೋಗರ. ಗಾಂಟ್ ನರಪೇತಲವಾಗಿತ್ತು, ಸ್ಕ್ರಾನಿ ಚೆಲುವಾಗಿತ್ತು, ಲೀನ್ ಎಲ್ಲಿ ಹೋಯಿತೋ ಗೊತ್ತಿಲ್ಲ. ಮೊದಲೇ ಗಟ್ಟಿಯಾಗಿ ಗೊತ್ತಿದ್ದ 'ಸ್ಲಿಮ್' ಮಾತ್ರ ತನ್ನ ಜಾಗದಲ್ಲಿತ್ತು.

ಇದು ನನಗೆ ಗೊತ್ತಿರಬೇಕಾಗಿದ್ದ ಸಂಗತಿ. ಥಾಮಸ್ ಟಿಂಕಮ್ 1993ರಲ್ಲಿ ನಡೆಸಿದ ಪ್ರಯೋಗದಲ್ಲಿ, ಅರ್ಥದಲ್ಲಿ ಹತ್ತಿರವಿರುವ ಹೊಸ ಪದಗಳನ್ನು ಒಟ್ಟಿಗೆ ಕಲಿಯಲು ಸಂಬಂಧವಿಲ್ಲದ ಪದಗಳನ್ನು ಕಲಿಯುವುದಕ್ಕಿಂತ ಹೆಚ್ಚು ಸಮಯ ಹಿಡಿಯಿತು. 1997ರಲ್ಲಿ ರಾಬ್ ವೇರಿಂಗ್ ಜಪಾನೀ ಭಾಷಿಕರ ಜೊತೆ ಅದನ್ನೇ ಮತ್ತೆ ಮಾಡಿ ನೋಡಿದಾಗಲೂ ಅದೇ ಫಲ. ಕಾರಣ ಊಹಿಸಲು ಕಷ್ಟವಿಲ್ಲ: ಒಂದೇ ದಿನ ಪರಿಚಯವಾದ, ಒಂದೇ ಮುಖಚಹರೆಯ ಏಳು ಜನರಲ್ಲಿ ಯಾರ ಹೆಸರು ಯಾರದು ಎಂದು ನೆನಪಿರುವುದಿಲ್ಲ. ಹಾಗಂತ ಸಮಾನಾರ್ಥಕಗಳ ದಾರಿಯನ್ನೇ ಬಿಡಬೇಕಿಲ್ಲ. ಹೊಸಬರು ಗುಂಪಾಗಿ ಬರಬಾರದು, ಅಷ್ಟೇ. ಹಳೆಯ ಪರಿಚಯದವರೊಬ್ಬರ ಕೈಹಿಡಿದು ಒಬ್ಬೊಬ್ಬರಾಗಿ ಬರಬೇಕು.

ಆ ವಾರದಿಂದ ನಿಯಮ ಬದಲಾಯಿತು. ಗಟ್ಟಿಯಾಗಿ ಗೊತ್ತಿರುವ ಒಂದು ಪದ, ಅದಕ್ಕೆ ಅಂಟಿಸಿ ಒಂದೇ ಒಂದು ಹೊಸ ಪದ. ಅದೇ ಬಳಗದ ಮೂರನೆಯದು ಕನಿಷ್ಠ ಮೂರು ವಾರ ಬಿಟ್ಟು, ಅದೂ ಎರಡನೆಯದು ಬರಹದಲ್ಲಿ ತಾನಾಗಿ ಬಂದ ಮೇಲೆ. ಗಾಂಟ್ ಮತ್ತು ಸ್ಕ್ರಾನಿಗಳನ್ನು ಮನೆಗೆ ಕಳಿಸಿದೆವು.

ಭೇದದ ಸಾಲು

ನೋಟ್‌ಬುಕ್ಕು ಮುಚ್ಚಿ, ರಟ್ಟಿನ ಚೀಟಿಗಳನ್ನು ತೆಗೆದುಕೊಂಡೆವು. ಒಂದು ಚೀಟಿಗೆ ಒಂದು ಜೋಡಿ. ಮೇಲೆ ಹಳೆಯ ಪದ ಮತ್ತು ಹೊಸ ಪದ, ನಡುವೆ ಸಮಚಿಹ್ನೆ ಇಲ್ಲ. ಕೆಳಗೆ ಒಂದು ಸಾಲು: ಹಳೆಯದು ಸಲ್ಲುವ ಯಾವ ಜಾಗದಲ್ಲಿ ಹೊಸದು ಸಲ್ಲದು? ಅವರು ಇದಕ್ಕೆ 'ಭೇದದ ಸಾಲು' ಎಂದು ಹೆಸರಿಟ್ಟರು. ಅದರ ಕೆಳಗೆ, ತಾವೇ ಓದುವಾಗ ಸಿಕ್ಕ ಒಂದು ನಿಜವಾದ ವಾಕ್ಯ. ಸ್ವಂತ ವಾಕ್ಯ ಕೂಡದು ಎಂದು ಹಟ ಹಿಡಿದೆ. ಅರ್ಥ ಗೊತ್ತಿಲ್ಲದ ಪದಕ್ಕೆ ನಾವೇ ವಾಕ್ಯ ಹೊಸೆದರೆ, ನಮ್ಮ ತಪ್ಪನ್ನೇ ನಾವು ಬಾಯಿಪಾಠ ಮಾಡಿದಂತೆ.

ಭೇದದ ಸಾಲು ಬರೆಯುವುದು ಕಾಣುವಷ್ಟು ಸುಲಭವಲ್ಲ. 'ಸ್ಟಾರ್ಟ್' ಮತ್ತು 'ಬಿಗಿನ್' ಚೀಟಿಗೆ ಅವರು ಅರ್ಧ ಗಂಟೆ ತಿಣುಕಿದರು. ಅರ್ಥದಲ್ಲಿ ಭೇದವೇ ಇಲ್ಲ ಎನ್ನುವಷ್ಟು ಹತ್ತಿರ. ಕೊನೆಗೆ ಹೊಳೆದದ್ದು: ಕಾರನ್ನು ಸ್ಟಾರ್ಟ್ ಮಾಡಬಹುದು, ಬಿಗಿನ್ ಮಾಡಲಾಗದು. 'ಬಿಗ್' ಮತ್ತು 'ಲಾರ್ಜ್' ಎರಡೂ ದೊಡ್ಡದೇ, ಆದರೆ ತಪ್ಪು 'ಬಿಗ್ ಮಿಸ್ಟೇಕ್' ಆಗುತ್ತದೆ, 'ಲಾರ್ಜ್ ಮಿಸ್ಟೇಕ್' ಆಗುವುದಿಲ್ಲ. ಮಳೆ 'ಹೆವಿ', ಗಾಳಿ 'ಸ್ಟ್ರಾಂಗ್'. ಯಾಕೆ ಎಂದರೆ ಉತ್ತರವಿಲ್ಲ. ಕನ್ನಡದಲ್ಲಿ ಮಳೆ ಜೋರು, ಬಿಸಿಲು ಚುರುಕು ಎನ್ನುವುದಕ್ಕೂ ಇಲ್ಲ. ಪದವನ್ನು ಅದರ ಸಹವಾಸದಿಂದ ತಿಳಿಯಬೇಕು ಎಂದು ಬ್ರಿಟಿಷ್ ಭಾಷಾವಿಜ್ಞಾನಿ ಜೆ. ಆರ್. ಫರ್ತ್ 1957ರಲ್ಲಿ ಹೇಳಿದ್ದು ಇದನ್ನೇ.

ಈ ಕೆಲಸಕ್ಕೆ ಸರಿಯಾದ ನಿಘಂಟು ಬೇಕು. ಅವರು ಬಳಸುತ್ತಿದ್ದದ್ದು ಒಂದು ಪದಕ್ಕೆ ನಾಲ್ಕು ಪದಗಳ ಅರ್ಥ ಕೊಡುವ ಆ್ಯಪ್. ಅದೂ ಮತ್ತೊಂದು ಸಮಚಿಹ್ನೆ ತಾನೆ? ಕಲಿಯುವವರಿಗಾಗಿಯೇ ಬರೆದ ಇಂಗ್ಲಿಷ್–ಇಂಗ್ಲಿಷ್ ನಿಘಂಟಿಗೆ ಬದಲಾಯಿಸಿದೆವು. ಈ ಬಗೆಯ ನಿಘಂಟುಗಳಲ್ಲಿ 1987ರಲ್ಲಿ ಬಂದ ಕೋಬಿಲ್ಡ್ ದೊಡ್ಡ ತಿರುವು. ಜಾನ್ ಸಿಂಕ್ಲೇರ್ ನೇತೃತ್ವದ ಆ ತಂಡ ಕಂಪ್ಯೂಟರಿನಲ್ಲಿ ಸಂಗ್ರಹಿಸಿದ ನಿಜವಾದ ಬರಹ ಮತ್ತು ಮಾತಿನಿಂದಲೇ ಅರ್ಥಗಳನ್ನು ಹೆಕ್ಕಿತು, ಅರ್ಥವನ್ನು ಪೂರ್ತಿ ವಾಕ್ಯದಲ್ಲಿ ಬರೆಯಿತು. ಹಾಗೆ ಬರೆದಾಗ ಪದದ ಸುತ್ತ ಯಾರು ಇರುತ್ತಾರೆ ಎಂಬುದೂ ಅರ್ಥದ ಜೊತೆಗೇ ಕಣ್ಣಿಗೆ ಬೀಳುತ್ತದೆ.

ಬಣ್ಣದ ವಿಷಯಕ್ಕೆ ಬಂದಾಗ ನನಗೆ ಸಹಾಯಕ್ಕೆ ಬಂದದ್ದು ಬ್ರಿಟಿಷ್ ತತ್ವಜ್ಞಾನಿ ಬರ್ಟ್ರಂಡ್ ರಸೆಲ್. 1948ರಲ್ಲಿ ಬಿಬಿಸಿ ರೇಡಿಯೊದಲ್ಲಿ ಅವರು ತಮಾಷೆಗೆ ಒಂದು ಕ್ರಿಯಾರೂಪ ಹೇಳಿದ್ದರು. ಕನ್ನಡಕ್ಕೆ ಇಳಿಸಿದರೆ ಹೀಗೆ: ನಾನು ದೃಢಚಿತ್ತ, ನೀನು ಹಟಮಾರಿ, ಅವನು ಮೊಂಡ. ಗುಣ ಒಂದೇ, ಹೇಳುವವನ ಮನಸ್ಸು ಬೇರೆ. ನಮ್ಮ ಕಲಿಕಾರ್ಥಿ ಇದನ್ನು ಆಟವಾಗಿ ಮಾಡಿಕೊಂಡರು. ಅವರು ಕಟ್ಟಿದ್ದರಲ್ಲಿ ನನಗೆ ಬಹಳ ಹಿಡಿಸಿದ್ದು: ಐ ಆಮ್ ಥ್ರಿಫ್ಟಿ, ಯೂ ಆರ್ ಸ್ಟಿಂಜಿ, ಹೀ ಈಸ್ ಎ ಮೈಸರ್. ಕೈಬಿಗಿ, ಜಿಪುಣ, ಕಡುಲೋಭಿ. ಇಲ್ಲಿ ಥ್ರಿಫ್ಟಿ ಮತ್ತು ಸ್ಟಿಂಜಿ ಎರಡೂ ಅವರಿಗೆ ಮೊದಲೇ ಗೊತ್ತಿದ್ದವು. ಹೊಸದಾಗಿ ಬಂದದ್ದು ಮೈಸರ್ ಒಂದೇ. ನಿಯಮ ಮುರಿಯಲಿಲ್ಲ.

ಪದದ ಮನೆಮಂದಿ

ಮೂರನೆಯ ತಿಂಗಳಿನ ಹೊತ್ತಿಗೆ ಚೀಟಿಯ ಹಿಂಬದಿ ಖಾಲಿ ಇದೆ ಎಂಬುದು ಗಮನಕ್ಕೆ ಬಂತು. ಅಲ್ಲಿ ಹೊಸ ಪದದ ಮನೆಮಂದಿಯನ್ನು ಬರೆಯತೊಡಗಿದೆವು. ನನ್ನ ಅಭಿಪ್ರಾಯದಲ್ಲಿ ಇಡೀ ಪ್ರಕರಣದಲ್ಲಿ ಹೆಚ್ಚು ಫಲ ಕೊಟ್ಟದ್ದು ಈ ಹಿಂಬದಿಯೇ. ಸಮಾನಾರ್ಥಕಗಳ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಪದರೂಪಗಳನ್ನು ಯಾರೂ ಕೇಳುವುದಿಲ್ಲ.

ಒಂದು ರೂಪ ಗೊತ್ತಿದ್ದರೆ ಉಳಿದವು ತಾವಾಗಿ ಬರುತ್ತವೆ ಎಂದು ನಾವು ಅಂದುಕೊಂಡಿರುತ್ತೇವೆ. ಹಾಗಾಗುವುದಿಲ್ಲ. ನಾರ್ಬರ್ಟ್ ಶ್ಮಿಟ್ ಮತ್ತು ಶೆರಿಲ್ ಜಿಮ್ಮರ್‌ಮನ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಪದ ಬಲ್ಲವರಿಗೂ ಅದರ ನಾಮಪದ, ಕ್ರಿಯಾಪದ, ಗುಣವಾಚಕ, ಕ್ರಿಯಾವಿಶೇಷಣ ನಾಲ್ಕೂ ಗೊತ್ತಿರುವುದು ಅಪರೂಪವಾಗಿತ್ತು. ಗುಣವಾಚಕ ಮತ್ತು ಕ್ರಿಯಾವಿಶೇಷಣಗಳಲ್ಲಿ ಹೆಚ್ಚು ತೊಡಕು. ನಮ್ಮವರದೂ ಅದೇ ಕಥೆ.

ಪ್ರತ್ಯಯಗಳು ಹೇಳಿದ ಮಾತು ಕೇಳುವುದಿಲ್ಲ ಎಂಬುದು ಮೊದಲ ಪಾಠ. ಕನ್‌ಫ್ಯೂಸ್ ಕನ್‌ಫ್ಯೂಷನ್ ಆದರೆ, ರೆಫ್ಯೂಸ್ ರೆಫ್ಯೂಸಲ್ ಆಗುತ್ತದೆ, ಅಮ್ಯೂಸ್ ಅಮ್ಯೂಸ್‌ಮೆಂಟ್ ಆಗುತ್ತದೆ. ಅಪ್ಲೈಗೆ ಅಪ್ಲಿಕೇಶನ್, ರಿಲೈಗೆ ರಿಲಯನ್ಸ್, ರಿಪ್ಲೈಗೆ ರಿಪ್ಲೈಯೇ. ಇದಕ್ಕೆ ಸೂತ್ರ ಕೊಡಿ ಎಂದು ಅವರು ಪಟ್ಟು ಹಿಡಿದರು. ಕೊಡಬಹುದಾದ ಸೂತ್ರವಿದ್ದರೆ ನಾನೇ ಎಂದೋ ಕೊಡುತ್ತಿದ್ದೆ.

ಕುಟುಂಬದೊಳಗಿನ ಸ್ವರಬದಲಾವಣೆ ಮಾತ್ರ ಅವರನ್ನು ಹೆದರಿಸಲಿಲ್ಲ. ಡಿವೈನ್ ಡಿವಿನಿಟಿಯಾಗುವುದು, ಸೇನ್ ಸ್ಯಾನಿಟಿಯಾಗುವುದು, ಡೀಪ್ ಡೆಪ್ತ್ ಆಗುವುದು ಕಂಡಾಗ, "ಇದು ಸುಂದರ ಸೌಂದರ್ಯ ಆದ ಹಾಗೆ" ಎಂದರು. ಧೀರ ಧೈರ್ಯ, ಉದಾರ ಔದಾರ್ಯ, ಇತಿಹಾಸ ಐತಿಹಾಸಿಕ. ಕಾರಣ ಎರಡೂ ಕಡೆ ಬೇರೆ, ಆದರೆ ಮನೆ ಬದಲಾದರೂ ಮುಖ ಗುರುತಿಸುವ ಅಭ್ಯಾಸ ಕನ್ನಡ ಓದಿದವರಿಗೆ ಮೊದಲೇ ಇರುತ್ತದೆ.

ಕುಟುಂಬದಲ್ಲಿ ಅಪಾಯಕಾರಿಗಳು ಅವಳಿಗಳು. 'ಅಬ್ಸರ್ವ್' ಚೀಟಿಯನ್ನು ಇಲ್ಲಿ ಬಿಡಿಸಿ ತೋರಿಸುವುದು ಒಳ್ಳೆಯದು. ಅಬ್ಸರ್ವ್ ಎಂಬ ಕ್ರಿಯಾಪದಕ್ಕೆ ಎರಡು ಅರ್ಥ, ಗಮನಿಸು ಮತ್ತು ಪಾಲಿಸು. ನಾಮಪದ ಮಾಡುವಾಗ ಅವೆರಡೂ ಬೇರೆಯಾಗುತ್ತವೆ: ಗಮನಿಸುವುದು ಅಬ್ಸರ್ವೇಶನ್, ನಿಯಮವನ್ನೋ ಆಚರಣೆಯನ್ನೋ ಪಾಲಿಸುವುದು ಅಬ್ಸರ್ವೆನ್ಸ್. ಗುಣವಾಚಕ ಅಬ್ಸರ್ವೆಂಟ್, ಕಣ್ಣು ಚುರುಕಾಗಿರುವವರು. ಜಾಗ ಅಬ್ಸರ್ವೇಟರಿ. ಅವರು ಒಂದು ವರದಿಯಲ್ಲಿ "ಮೈ ಅಬ್ಸರ್ವೆನ್ಸಸ್" ಎಂದು ಶೀರ್ಷಿಕೆ ಹಾಕಿದ್ದರು, ವ್ರತಾಚರಣೆಗಳ ಪಟ್ಟಿಯಂತೆ.

'ಸೆನ್ಸ್' ಮನೆ ಇನ್ನೂ ಗೋಜಲು. ಸೆನ್ಸಿಬಲ್ ಎಂದರೆ ವಿವೇಕಿ, ಸೆನ್ಸಿಟಿವ್ ಎಂದರೆ ಸೂಕ್ಷ್ಮ ಮನಸ್ಸಿನವರು, ಸೆನ್ಸರಿ ಎಂದರೆ ಇಂದ್ರಿಯಗಳಿಗೆ ಸಂಬಂಧಿಸಿದ್ದು. ಹೀಗೇ ಕನ್ಸಿಡರೇಟ್ ಮತ್ತು ಕನ್ಸಿಡರಬಲ್, ಇಂಡಸ್ಟ್ರಿಯಲ್ ಮತ್ತು ಇಂಡಸ್ಟ್ರಿಯಸ್, ಸಕ್ಸೆಸ್‌ಫುಲ್ ಮತ್ತು ಸಕ್ಸೆಸಿವ್, ಹಿಸ್ಟಾರಿಕ್ ಮತ್ತು ಹಿಸ್ಟಾರಿಕಲ್. ಇನ್‌ವ್ಯಾಲ್ಯುಬಲ್ ಎಂದರೆ ಬೆಲೆಯಿಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು. ಇನ್‌ಫ್ಲೇಮಬಲ್ ಎಂದರೆ ಹೊತ್ತಿಕೊಳ್ಳುವುದೇ, ಫ್ಲೇಮಬಲ್‌ಗೆ ವಿರುದ್ಧವಲ್ಲ. 'ಇನ್' ಕಂಡಲ್ಲೆಲ್ಲ 'ಇಲ್ಲ' ಎಂದು ಓದುವವರಿಗೆ ಇದು ನಿಜವಾಗಿಯೂ ಬೆಂಕಿಯ ಜೊತೆ ಸರಸ. ಅವಳಿಗಳನ್ನು ಒಂದೇ ದಿನ ಕಲಿಯದೆ, ಒಬ್ಬರನ್ನು ನೆಲೆ ನಿಲ್ಲಿಸಿ ಇನ್ನೊಬ್ಬರನ್ನು ಕರೆತರುವ ಹಳೆಯ ನಿಯಮ ಇಲ್ಲೂ ನಡೆಯಿತು.

ಅಭ್ಯಾಸ ಹೀಗಿತ್ತು: ಒಂದು ಸಂಗತಿ, ನಾಲ್ಕು ವಾಕ್ಯ. "ಅವರು ತಡಮಾಡದೆ ತೀರ್ಮಾನಿಸಿದರು" ಎಂಬುದನ್ನು ತೆಗೆದುಕೊಂಡು, ಶೀ ಡಿಸೈಡೆಡ್ ಕ್ವಿಕ್ಲಿ. ಶೀ ಮೇಡ್ ಎ ಕ್ವಿಕ್ ಡಿಸಿಷನ್. ಶೀ ವಾಸ್ ಡಿಸೈಸಿವ್. ಶೀ ಆ್ಯಕ್ಟೆಡ್ ಡಿಸೈಸಿವ್ಲಿ. ಬರೆದ ಮೇಲೆ ಓದಿ ನೋಡಿದರೆ ನಾಲ್ಕೂ ಒಂದೇ ಅಲ್ಲ ಎಂದು ಅವರಿಗೇ ಕಂಡಿತು. ಮೊದಲನೆಯದು ನಡೆದ ಘಟನೆ; ಮೂರನೆಯದು ಮನುಷ್ಯನ ಸ್ವಭಾವಕ್ಕೆ ಹಾಕಿದ ಮುದ್ರೆ. ನಾಮಪದ ಬಂದ ಎರಡನೆಯದು ವರದಿಗೆ ಹೇಳಿಮಾಡಿಸಿದ್ದು, ಏಕೆಂದರೆ 'ಡಿಸಿಷನ್' ಒಂದು ವಸ್ತುವಾಗಿ ನಿಂತು ಮುಂದಿನ ವಾಕ್ಯಕ್ಕೆ ಕರ್ತೃವಾಗಬಲ್ಲದು. ಗಂಭೀರ ಇಂಗ್ಲಿಷ್ ಗದ್ಯ 'ಅಡ್ವಾನ್ಸ್ಡ್' ಆಗಿ ಕಾಣುವುದಕ್ಕೆ ಅಪರೂಪದ ಪದಗಳಿಗಿಂತ ಈ ರೂಪಾಂತರವೇ ಹೆಚ್ಚು ಕಾರಣ ಎಂದು ನಾನು ನಂಬಿದ್ದೇನೆ. ಎವರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ಶೈಕ್ಷಣಿಕ ಪದಪಟ್ಟಿಯಲ್ಲಿ ಇರುವುದು 570 ಕುಟುಂಬಗಳಷ್ಟೇ, ಅವೇ ಶೈಕ್ಷಣಿಕ ಬರಹದ ಸುಮಾರು ಹತ್ತನೇ ಒಂದು ಭಾಗವನ್ನು ತುಂಬುತ್ತವೆ. ಅನಲೈಸ್, ಅಸ್ಯೂಮ್, ಎಸ್ಟಿಮೇಟ್, ಸಿಗ್ನಿಫಿಕಂಟ್ ತರಹದ ಪರಿಚಿತ ಮುಖಗಳೇ. ನಾಲ್ಕನೆಯ ತಿಂಗಳಿಂದ ಅವರು ಇಂಟರ್ನೆಟ್ಟಿನ ಪಟ್ಟಿಗಳನ್ನು ಬಿಟ್ಟು ಈ ಒಂದು ಪಟ್ಟಿಯಿಂದಲೇ ಚೀಟಿ ಮಾಡಿದರು.

ಬಾಯಿಂದ ಆಡುವಾಗ ಇನ್ನೊಂದು ತೊಡಕು ಎದುರಾಯಿತು, ಒತ್ತು. ಕನ್ನಡದಲ್ಲಿ ಪದದ ಯಾವ ಅಕ್ಷರಕ್ಕೆ ಒತ್ತು ಕೊಟ್ಟರೂ ಅರ್ಥ ಕೆಡುವುದಿಲ್ಲ, ಹಾಗಾಗಿ ನಮ್ಮ ಕಿವಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇಂಗ್ಲಿಷಿನಲ್ಲಿ 'ಫೋಟೊಗ್ರಾಫ್' ಪದದ ಒತ್ತು 'ಫೋ' ಮೇಲೆ, 'ಫಟಾಗ್ರಫಿ'ಯಲ್ಲಿ 'ಟಾ' ಮೇಲೆ, 'ಫೋಟೊಗ್ರಾಫಿಕ್'ನಲ್ಲಿ 'ಗ್ರಾ' ಮೇಲೆ. ಇಲ್ಲಿ ಮಾತ್ರ ಒಂದು ಸೂತ್ರ ಕೊಡಲು ಸಾಧ್ಯವಾಯಿತು: ಇಕ್, ಇಟಿ, ಶನ್ ಪ್ರತ್ಯಯಗಳು ಬಂದರೆ ಒತ್ತು ಸಾಮಾನ್ಯವಾಗಿ ಅವುಗಳ ಹಿಂದಿನ ಉಚ್ಚಾರಾಂಶಕ್ಕೆ ಸರಿಯುತ್ತದೆ. ಚೀಟಿಯ ಹಿಂಬದಿಯಲ್ಲಿ ಒತ್ತಿನ ಅಕ್ಷರದ ಕೆಳಗೆ ಗೆರೆ ಎಳೆಯುವುದು ರೂಢಿಯಾಯಿತು.

ಆರು ತಿಂಗಳ ನಂತರ

ಚೀಟಿಗಳು ಇನ್ನೂರರ ಆಸುಪಾಸು. ಒಂದೂವರೆ ಸಾವಿರದಿಂದ ಇನ್ನೂರಕ್ಕೆ ಇಳಿದದ್ದು ಅವರಿಗೆ ಮೊದಲು ನಷ್ಟದಂತೆ ಕಂಡಿತ್ತು. ನೋಟ್‌ಬುಕ್ಕಿನಿಂದ ನಲವತ್ತು ಪದಗಳನ್ನು ಕಣ್ಣುಮುಚ್ಚಿ ಆರಿಸಿ ಕೇಳಿದಾಗ ಒಂಬತ್ತನ್ನು ಮಾತ್ರ ಸರಿಯಾಗಿ ಬಳಸಿದರು. ಚೀಟಿಗಳಿಂದ ಹಾಗೆಯೇ ಆರಿಸಿದ ನಲವತ್ತರಲ್ಲಿ ಮೂವತ್ತೊಂದು. ಎರಡು ದಿನ, ಒಂದು ವಾರ, ಮೂರು ವಾರದ ಅಂತರದಲ್ಲಿ ಚೀಟಿ ತಿರುವಿ ಹಾಕುತ್ತಿದ್ದದ್ದಕ್ಕೂ ಇದರಲ್ಲಿ ಪಾಲಿದೆ. ಪರೀಕ್ಷೆಯ ಅಂಕವೂ ಒಂದಿಷ್ಟು ಏರಿತು. ಅದಕ್ಕೆ ಚೀಟಿಗಳೇ ಕಾರಣ ಎನ್ನುವ ಧೈರ್ಯ ನನಗಿಲ್ಲ. ಆ ಅವಧಿಯಲ್ಲಿ ಅವರು ಓದುವುದನ್ನೂ ಬಹಳ ಹೆಚ್ಚಿಸಿದ್ದರು, ವಾಕ್ಯ ಹುಡುಕಲೆಂದೇ.

ಸರಿಹೋಗದೆ ಉಳಿದದ್ದೂ ಇದೆ. ಮಾತಾಡುವಾಗ ಹೊಸ ಪದಗಳು ಇನ್ನೂ ತಡವಾಗಿಯೇ ಬರುತ್ತವೆ. 'ಅನಲಿಟಿಕಲ್' ಎನ್ನುವಾಗ ಒತ್ತು ಎಲ್ಲಿ ಎಂದು ಒಂದು ಕ್ಷಣ ತಡವರಿಸುತ್ತಾರೆ. 'ಥಿನ್' ಬಳಗದಲ್ಲಿ ಸ್ಕ್ರಾನಿಯನ್ನು ಕಂಡರೆ ಈಗಲೂ ಅನುಮಾನ. ಅದು ನಾನು ಮಾಡಿದ ಗಾಯ. ಸರಳ ಪದ ಸಾಕಾದ ಕಡೆ ದೊಡ್ಡ ಪದ ಹಾಕುವ ಚಪಲ ಕಡಿಮೆಯಾಗಿದೆ, ಹೋಗಿಲ್ಲ.

ಕಳೆದ ವಾರ ಒಂದು ಮೆಸೇಜು ಬಂತು. ತಂಡದ ಹೊಸ ಹುಡುಗನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯಬೇಕಿತ್ತಂತೆ. 'ಪರ್ಸಿಸ್ಟೆಂಟ್' ಎಂದರೆ ಬೆನ್ನುಬಿಡದ ಕೆಮ್ಮಿನ ನೆನಪಾಗುತ್ತದೆ, 'ಟೆನೇಶಿಯಸ್' ಎಂದರೆ ಈ ಪುಟ್ಟ ಟಿಪ್ಪಣಿಗೆ ಭಾರವಾಗುತ್ತದೆ, ಯಾವುದು ಹಾಕಲಿ ಎಂದು ಕೇಳಿದ್ದರು. ನಾನು ಉತ್ತರ ಟೈಪ್ ಮಾಡುತ್ತಿರುವಾಗಲೇ ಇನ್ನೊಂದು ಮೆಸೇಜು: "ಬೇಡ ಸರ್, ಕಳಿಸಿಬಿಟ್ಟೆ." ಎರಡನ್ನೂ ಬಿಟ್ಟು ಅವರು ಬರೆದದ್ದು, "ಹೀ ಡಸ್ ನಾಟ್ ಗಿವ್ ಅಪ್."